ಹನ್ನೊಂದು ಗಂಟೆಯ ಹಾಜರಿ

ನನ್ನ ಹತ್ತಿರ ಟೆಲಿಪ್ರಿಂಟರ್ ಕಾಗದದ ಎರಡು ತುಂಡುಗಳಿವೆ. ಒಂದು ಸುಮಾರು ಎರಡು ಮೊಳ ಉದ್ದ, ಇನ್ನೊಂದು ಅಂಗೈ ಅಗಲ. ಇವು ಇರದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನಿದ್ದೆಗೆಟ್ಟ ತಲೆ ಏನೋ ಹೆಣೆದುಕೊಂಡಿತು ಎಂದು ನನಗೆ ನಾನೇ ಹೇಳಿಕೊಂಡು ಸುಮ್ಮನಾಗಬಹುದಿತ್ತು. ಎಷ್ಟೋ ಸಲ ಹಾಗೆ ಹೇಳಿಕೊಂಡಿದ್ದೇನೆ ಕೂಡ. ಆಮೇಲೆ ಎದ್ದು ಹೋಗಿ ಪೆಟ್ಟಿಗೆ ತೆರೆದು ನೋಡುತ್ತೇನೆ. ಕಾಗದ ಅಲ್ಲೇ ಇರುತ್ತದೆ...

ಮೈಸೂರಿನಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿದವನು ನಾನು. ಘಟನೆಯನ್ನು ನಂಬುವ ಮೊದಲು ಅದನ್ನು ಹೇಳುವವನನ್ನು ಅನುಮಾನಿಸಿ ಎಂದು ಅಲ್ಲಿ ಕಲಿಸಿದ್ದರು. ಇಲ್ಲಿ ಹೇಳುವವನು ನಾನೇ. ಆದ್ದರಿಂದ ಕಾಗದದಲ್ಲಿರುವುದನ್ನು ಕಾಗದದಲ್ಲಿದೆ ಎಂದೂ, ಬರೀ ನೆನಪಿನಲ್ಲಿರುವುದನ್ನು ನೆನಪೆಂದೂ ಹೇಳಲು ಪ್ರಯತ್ನಿಸುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ಮುಂಬಯಿಯ ಮಸ್ಜಿದ್ ಬಂದರ್ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಒಂದು ಲಾರಿ ಸಾಗಣೆ ಕಂಪನಿ. ಅಲ್ಲಿ ನಾನು ರಾತ್ರಿ ಪಾಳಿಯ ಟೆಲಿಪ್ರಿಂಟರ್ ಆಪರೇಟರ್. ಹತ್ತರಿಂದ ಬೆಳಿಗ್ಗೆ ಆರು. ಕೆಳಗೆ ಗೋಡೌನು, ಮೇಲೆ ನಮ್ಮ ಕೋಣೆ. ಮೆಣಸಿನಕಾಯಿ ಮೂಟೆ, ಒದ್ದೆ ಗೋಣಿ, ಯಂತ್ರದ ಬಿಸಿ ಎಣ್ಣೆ, ಈ ಮೂರರ ವಾಸನೆ ಸೇರಿ ಅಂಗಿಗೆ ಅಂಟಿಕೊಂಡು ನನ್ನ ಜೊತೆ ಮುಲುಂಡ್‌ವರೆಗೂ ಬರುತ್ತಿತ್ತು. ಮುಲುಂಡ್‌ನಲ್ಲಿ ನಾಲ್ವರು ಸೇರಿ ಒಂದು ಕೋಣೆ ಹಿಡಿದಿದ್ದೆವು. ಹಗಲು ಹೊತ್ತು ಅಲ್ಲಿ ನಿದ್ದೆ ಎಂಬುದು ಬರೀ ಮಾತು. ಆ ವರ್ಷಗಳಲ್ಲಿ ನಾನು ಸದಾ ದಣಿದಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ನಮ್ಮ ಲೈನಿನ ರೀತಿ ಸ್ವಲ್ಪ ವಿವರಿಸಬೇಕು. ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಮುಂಬಯಿ, ನಾಲ್ಕೂ ಕಚೇರಿಗಳಿಗೆ ಸೇರಿ ಒಂದೇ ಲೈನು. ಯಾರು ಎಲ್ಲಿ ಕೂತು ಹೊಡೆದರೂ ನಾಲ್ಕೂ ಕಡೆ ಒಂದೇ ಹೊತ್ತಿಗೆ ಅಚ್ಚಾಗುತ್ತಿತ್ತು. ಸಾಲಿನ ಮೊದಲಿಗೆ ನಮ್ಮ ನಮ್ಮ ಊರಿನ ಗುರುತು ಹೊಡೆಯಬೇಕು. ಹೊಡೆದವರು ಯಾರೆಂದು ತಿಳಿಯಲು ಬೇರೆ ದಾರಿಯೇ ಇರಲಿಲ್ಲ. ಮುಂಬಯಿಯಲ್ಲಿ ಕೂತು ‘ಹುಬ್ಬಳ್ಳಿ’ ಎಂದು ಹೊಡೆದರೆ ಅದು ಹುಬ್ಬಳ್ಳಿಯೇ.

ಕೆಲಸ ಅಂದರೆ ಹೊರಟ ಲಾರಿಗಳ ನಂಬರು, ಘಾಟಿಯಲ್ಲಿ ಮಳೆಯಿದೆಯೇ, ದಾರಿ ತೆರೆದಿದೆಯೇ, ಇಷ್ಟೇ. ಉಳಿದ ಹೊತ್ತೆಲ್ಲ ಹರಟೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ನಾಲ್ವರಲ್ಲಿ ಒಬ್ಬರ ಮುಖವನ್ನು ಒಬ್ಬರು ಕಂಡಿರಲಿಲ್ಲ. ಆದರೂ ಮಂಗಳೂರಿನ ಸಂಜೀವನ ಮನೆಯ ಹೆಂಚು ಯಾವ ಮೂಲೆಯಲ್ಲಿ ಸೋರುತ್ತದೆಂದು ನನಗೆ ಗೊತ್ತಿತ್ತು. ನಾನು ಯಾವ ವಾರ ಮಾಟುಂಗಕ್ಕೆ ಹೋಗಿ ಕಾಫಿಪುಡಿ ತರುತ್ತೇನೆಂದು ಅವನಿಗೆ ಗೊತ್ತಿತ್ತು.

‘ಮಂಗಳೂರು: ನಿನ್ನೆಯಿಂದ ಮಳೆ ಬಿಟ್ಟೇ ಇಲ್ಲ ಮಾರಾಯ್ರೆ. ಚಡ್ಡಿ ಸಹ ಒಣಗುವುದಿಲ್ಲ.’

‘ಹುಬ್ಬಳ್ಳಿ: ಇಲ್ಲೆ ಕಳಸ್ರಿ, ಒಣಗಸಿ ಕೊಡತೇವಿ. ಬರೇ ಧೂಳ ಐತಿ.’

‘ಮುಂಬಯಿ: ಲಾರಿ ಬಾಡಿಗೆ ಯಾರು ಕೊಡೋದು?’

‘ಬೆಂಗಳೂರು: ಚಡ್ಡಿ ವಿಚಾರ ಸಾಕ್ರಪ್ಪ. ಇದನ್ನೆಲ್ಲ ನಾನು ಬೆಳಿಗ್ಗೆ ಫೈಲ್ ಮಾಡ್ಬೇಕು.’

ಬೆಂಗಳೂರಿನವರು ಮೂರ್ತಿಗಳು, ವಯಸ್ಸಾದವರು, ರಾತ್ರಿಯ ಮೇಲ್ವಿಚಾರಣೆ ಅವರದು. ಹುಬ್ಬಳ್ಳಿಯವನು ಈರಣ್ಣ. ನಾನು ಎಂ.ಎ. ಎಂದು ಗೊತ್ತಾದ ದಿನದಿಂದ ಅವನಿಗೆ ನಾನು ‘ಮಾಸ್ತರ’.

ರಾತ್ರಿ ಸರಿಯಾಗಿ ಹನ್ನೊಂದಕ್ಕೆ ಮೂರ್ತಿಗಳು ‘ಹಾಜರಿ’ ಎಂದು ಹೊಡೆಯುತ್ತಿದ್ದರು. ಮಂಗಳೂರು, ಹುಬ್ಬಳ್ಳಿ, ಮುಂಬಯಿ, ಈ ಕ್ರಮದಲ್ಲಿ ಒಬ್ಬೊಬ್ಬರು ಒಂದು ಸಾಲು ಉತ್ತರಿಸಬೇಕು. ಹಾಜರ್ ಎಂಬ ಮಾತು, ಹವೆಯ ಸುದ್ದಿ. ಈರಣ್ಣ ಮಾತ್ರ ಕೊನೆಗೆ ‘ಚಹಾ ಆತು’ ಎಂದು ಸೇರಿಸುತ್ತಿದ್ದ. ಹತ್ತು ನಿಮಿಷದೊಳಗೆ ಉತ್ತರ ಬರದಿದ್ದರೆ ಮೂರ್ತಿಗಳು ಆ ಊರಿನ ಗೋಡೌನಿನ ವಾಚ್‌ಮನ್‌ಗೆ ಫೋನ್ ಮಾಡುತ್ತಿದ್ದರು. ಅವನು ಒಳಗೆ ಹೋಗಿ ನೋಡಬೇಕು. ಆಪರೇಟರ್ ಹೆಸರಿನ ಮುಂದೆ ಕೆಂಪು ಗೆರೆ ಬೀಳುತ್ತಿತ್ತು.

ನಾವು ಒಬ್ಬರ ಹಾಜರಿ ಇನ್ನೊಬ್ಬರು ಹಾಕುತ್ತಿದ್ದೆವು. ಲೋಕಲ್ ತಡವಾದಾಗ ಸಂಜೀವ ನನ್ನದು ಹಾಕುತ್ತಿದ್ದ, ಅವನ ಕಣ್ಣು ಅಂಟಿಕೊಂಡಾಗ ನಾನು ಅವನದು. ಇದರಲ್ಲಿ ತಪ್ಪು ಇದೆ ಎಂದು ಯಾರಿಗೂ ಅನಿಸಿರಲಿಲ್ಲ. ಗೆಳೆತನ ಅಂದರೆ ನಮಗೆ ಅದೇ ಆಗಿತ್ತು.

ಈರಣ್ಣ ಇನ್ನೂ ಹಂಗಾಮಿ ನೌಕರ. ಮುಂದಿನ ತಿಂಗಳು ಕಾಯಂ ಆಗುವುದಿತ್ತು. ಅಷ್ಟರಲ್ಲಿ ಒಂದು ಕೆಂಪು ಗೆರೆ ಬಿದ್ದಿತ್ತು. ‘ಇನ್ನೊಂದ ಬಿತ್ತಂದ್ರ ಮನೀಗೇ ಹೋಗೂದರೀ ಮಾಸ್ತರ’ ಎಂದು ಬರೆದಿದ್ದ. ಅದೇ ವಾರ ನನಗೊಂದು ಕೆಲಸ ಹೇಳಿದ್ದ. ಏಳು ವರ್ಷದ ಮಗಳಿಗೆ ಮುಂಬಯಿಯ ರೇನ್‌ಕೋಟು ಬೇಕಂತೆ, ನೀಲಿ ಬಣ್ಣದ್ದು.

ಆ ದಿನ ಮುಂಬಯಿಗೆ ಮೊದಲ ಮಳೆ. ಸಂಜೆ ಘಾಟ್ಕೋಪರ್‌ನಲ್ಲಿ ಇಳಿದು ಸ್ಟೇಷನ್ ಹೊರಗಿನ ಅಂಗಡಿಗಳನ್ನೆಲ್ಲ ಸುತ್ತಿದೆ. ಆ ಅಳತೆಯಲ್ಲಿ ನೀಲಿ ಇರಲಿಲ್ಲ. ಹಳದಿ ತೆಗೆದುಕೊಂಡೆ. ಎರಡು ದಿನದಿಂದ ನಿದ್ದೆಯಿರಲಿಲ್ಲ ಎಂದು ಆಗ ನಾನು ದಿನವೂ ಬರೆಯುತ್ತಿದ್ದ ದಿನಚರಿಯಲ್ಲಿದೆ. ಹಗಲೆಲ್ಲ ನಮ್ಮ ಬಿಲ್ಡಿಂಗಿನ ಹಳೆ ನೀರಿನ ಟ್ಯಾಂಕು ಒಡೆಯುತ್ತಿದ್ದರು.

ಹನ್ನೊಂದಕ್ಕೆ ಹಾಜರಿ ಬಂತು. ಮಂಗಳೂರು ಉತ್ತರಿಸಿತು. ಹುಬ್ಬಳ್ಳಿಯ ಸರದಿ... ಯಂತ್ರ ಸುಮ್ಮನೆ ಗುಂಯ್‌ಗುಡುತ್ತ ನಿಂತಿತು.

‘ಬೆಂಗಳೂರು: ಹುಬ್ಬಳ್ಳಿ?’

ಏನೂ ಇಲ್ಲ. ಗಡಿಯಾರದಲ್ಲಿ ಹನ್ನೊಂದು ಕಳೆದು ನಾಲ್ಕು ನಿಮಿಷ. ಮಲಗಿಬಿಟ್ಟಿದ್ದಾನೆ ಎಂದುಕೊಂಡೆ. ನನ್ನ ಕಣ್ಣೂ ಎಳೆಯುತ್ತಿದ್ದುದರಿಂದ ಹಾಗೆ ಅನಿಸಿರಬೇಕು. ಕೈ ತಾನಾಗಿ ಹೋಯಿತು.

‘ಹುಬ್ಬಳ್ಳಿ: ಹಾಜರ್. ಮೋಡ ಐತಿ, ಮಳಿ ಇಲ್ಲ. ಚಹಾ ಆತು.’

‘ಬೆಂಗಳೂರು: ಸರಿ. ಮುಂಬಯಿ?’

ನನ್ನದನ್ನೂ ಹಾಕಿದೆ. ಅರ್ಧ ನಿಮಿಷದ ಕೆಲಸ. ಚಹಾದ ಮಾತನ್ನೂ ಮರೆಯದೆ ಸೇರಿಸಿದ್ದಕ್ಕೆ ಒಳಗೊಳಗೇ ಸ್ವಲ್ಪ ಹೆಮ್ಮೆ ಕೂಡ ಆಗಿತ್ತು. ಇದು ನೆನಪು. ಇದನ್ನು ಯಾವ ಕಾಗದವೂ ಹೇಳುವುದಿಲ್ಲ.

ಹನ್ನೆರಡಕ್ಕೆ ಒಮ್ಮೆ, ಒಂದೂವರೆಗೆ ಒಮ್ಮೆ ‘ಈರಣ್ಣ, ಎದ್ರಾ?’ ಎಂದು ಹೊಡೆದೆ. ಉತ್ತರವಿಲ್ಲ. ಮಂಗಳೂರು, ಬೆಂಗಳೂರು ಎರಡೂ ಮಲಗಿದ್ದವು. ಮಳೆ ತಗಡಿನ ಮೇಲೆ ಒಂದೇ ಸಮ ಸುರಿಯುತ್ತಿತ್ತು. ಎದುರಿನ ಕಟ್ಟಡದ ಬಲ್ಬು ಒಂದು ಸಲ ಆರಿ ಮತ್ತೆ ಹತ್ತಿಕೊಂಡಿತು. ನಾನು ಮೇಜಿಗೆ ತಲೆಯಿಟ್ಟೆ.

ಎರಡೂಕಾಲಿಗೆ ಯಂತ್ರ ಹೊಡೆಯತೊಡಗಿತು.

ಎಂದಿನ ಸದ್ದಲ್ಲ. ಈರಣ್ಣ ಲಾರಿ ಹೊಡೆಯುವವನ ಹಾಗೆ ಭರಭರ ಟೈಪ್ ಮಾಡುತ್ತಿದ್ದ. ಇದು ಒಂದೊಂದೇ ಅಕ್ಷರ... ನಡುವೆ ನಿಂತು... ಮತ್ತೊಂದು. ಕತ್ತಲಲ್ಲಿ ಮೆಟ್ಟಿಲು ತಡಕಾಡುವವರ ಹೆಜ್ಜೆಯಂತೆ. ಮುಂದಿನದು ಕಾಗದದಲ್ಲಿರುವ ಹಾಗೆಯೇ ಇದೆ.

‘ಹುಬ್ಬಳ್ಳಿ: ಮಾಸ್ತರ, ಅದೀರೇನು’

‘ಮುಂಬಯಿ: ಇದ್ದೀನಿ. ಎಲ್ಲಿಗ್ ಹೋಗಿದ್ರಿ ಸ್ವಾಮಿ?’

‘ಹುಬ್ಬಳ್ಳಿ: ಎಲ್ಲಿ ಹೋಗಲಿ. ಇಲ್ಲೇ’

‘ಮುಂಬಯಿ: ಒಳ್ಳೆ ನಿದ್ದೆನಾ?’

‘ಹುಬ್ಬಳ್ಳಿ: ಗೊತ್ತಾಗವಲ್ದು. ಅಲ್ಲೆ ಮಳಿ ಬಂತೇನು’

‘ಮುಂಬಯಿ: ಬಂತು. ಸ್ಟೇಷನ್ ಹತ್ರ ಮೊಣಕಾಲುದ್ದ ನೀರು.’

‘ಹುಬ್ಬಳ್ಳಿ: ಇಲ್ಲೆ ಏನೂ ಸಪ್ಪಳಿಲ್ಲ. ಥಂಡಿ ಐತಿ’

‘ಮುಂಬಯಿ: ರೇನ್‌ಕೋಟ್ ತಗೊಂಡೆ. ನೀಲಿ ಸಿಗ್ಲಿಲ್ಲ. ಹಳದಿ.’

‘ಹುಬ್ಬಳ್ಳಿ: ಹಳದಿ ನಡೀತೈತಿ. ದೂರಿಂದ ಕಾಣ್ತಾಳ’

ಇಷ್ಟು ಹೊತ್ತೂ ನನಗೆ ಭಯವಾಗಿರಲಿಲ್ಲ. ಸಮಾಧಾನವೇ ಆಗಿತ್ತು. ಎದ್ದಿದ್ದಾನೆ, ಇನ್ನು ಚಿಂತೆಯಿಲ್ಲ. ಲಾರಿ ನಂಬರುಗಳನ್ನು ಹೊಡೆಯಲು ಚೀಟಿ ಹತ್ತಿರ ಎಳೆದುಕೊಂಡೆ. ಆಗ ಮತ್ತೆ ಶುರುವಾಯಿತು.

‘ಹುಬ್ಬಳ್ಳಿ: ಮಾಸ್ತರ, ಚಹಾ ಆತು ಅಂತ ಬರದಾವ್ರು ಯಾರು’

ನಾನು ಕೀಲಿಗಳ ಮೇಲೆ ಬೆರಳಿಟ್ಟು ಕೂತೆ.

‘ಹುಬ್ಬಳ್ಳಿ: ನಾ ಚಹಾ ಕುಡದಿಲ್ಲ. ಫ್ಲಾಸ್ಕ್ ತುಂಬೇ ಐತಿ’

ನಾನೇ ಬರೆದೆ ಎಂದು ಹೇಳಬಹುದಿತ್ತು. ಆದರೆ ಅದು ನಾಲ್ಕೂ ಊರಿನ ಕಾಗದದಲ್ಲಿ ಅಚ್ಚಾಗುತ್ತದೆ. ನನಗೂ ಕೆಂಪು ಗೆರೆ, ಅವನಿಗೆ ಮನೆಯ ದಾರಿ. ಇವನಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂದು ಸಿಟ್ಟೂ ಬಂತು.

‘ಮುಂಬಯಿ: ನೀವೇ ಬರೆದದ್ದು.’

‘ಹುಬ್ಬಳ್ಳಿ: ನಾನ’

‘ಮುಂಬಯಿ: ಹೌದು. ಹನ್ನೊಂದಕ್ಕೆ. ಮರೆತ್ರಾ?’

ಬಹಳ ಹೊತ್ತು ಏನೂ ಇಲ್ಲ. ಕಾಗದದಲ್ಲಿ ಅದು ಬರೀ ಎರಡು ಸಾಲಿನ ನಡುವಿನ ಜಾಗ. ನನ್ನ ನೆನಪಿನಲ್ಲಿ ಆ ಹೊತ್ತಿಗೆ ಮಳೆಯ ಸದ್ದೂ ನಿಂತಿತ್ತು. ಇದನ್ನು ನಂಬಬೇಕಾಗಿಲ್ಲ.

‘ಹುಬ್ಬಳ್ಳಿ: ಹಂಗಾದ್ರ ನಾ ಇದ್ದೆ’

‘ಹುಬ್ಬಳ್ಳಿ: ಆತ ಬಿಡ್ರಿ. ಒಂದಿನ ನಿಮ್ಮದ ನಾ ಹಾಕತೇನಿ’

ಅಷ್ಟೇ. ಮೂರು ಸಲ ಕರೆದೆ. ಮತ್ತೆ ಬರಲಿಲ್ಲ.

ಬೆಳಿಗ್ಗೆ ಐದೂವರೆಗೆ ಫೋನ್ ಹೊಡೆದುಕೊಂಡಿತು. ಮೂರ್ತಿಗಳ ದನಿಯನ್ನು ಮೊದಲ ಸಲ ಕೇಳಿದ್ದು ಆಗಲೇ. ಕಾಗದದಲ್ಲಿ ಗದರುವ ಮನುಷ್ಯನ ದನಿ ಇಷ್ಟು ಮೆತ್ತಗಿರುತ್ತದೆಂದು ತಿಳಿದಿರಲಿಲ್ಲ.

“ಮೇಷ್ಟ್ರೇ... ಈರಣ್ಣ ಹೋಗ್ಬಿಟ್ರು.”

“ಎಲ್ಲಿಗೆ?” ಎಂದೆ.

“ತೀರ್ಕೊಂಡ್ರು ಕಣ್ರೀ. ನಾಲ್ಕು ಗಂಟೆಗೆ ಅಲ್ಲಿನ ವಾಚ್‌ಮನ್ ಬಾಗಿಲು ತಟ್ಟಿ ಒಳಗೆ ಹೋದ್ನಂತೆ. ಕುರ್ಚಿ ಪಕ್ಕದಲ್ಲಿ ಬಿದ್ದಿದ್ರಂತೆ. ಹೃದಯ ಅಂತಾರೆ. ಮೈಯೆಲ್ಲ ತಣ್ಣಗಾಗಿ ಎಷ್ಟೋ ಹೊತ್ತಾಗಿತ್ತಂತೆ.”

“ಎಷ್ಟು ಹೊತ್ತು?”

“ಹತ್ತೂವರೆ ಹನ್ನೊಂದರ ಹೊತ್ತಿಗೇ ಬಿದ್ದಿರ್ಬೇಕು ಅಂದ್ರಂತೆ ಡಾಕ್ಟ್ರು. ಬಿದ್ದ ತಕ್ಷಣ ಹೋದ್ರೋ, ಹಾಗೇ ಬಿದ್ದಿದ್ದು ಆಮೇಲೆ ಹೋದ್ರೋ, ಅದು ಹೇಳಕ್ಕಾಗಲ್ವಂತೆ.” ಮತ್ತೆ ಕೇಳಿದರು, “ಹನ್ನೊಂದಕ್ಕೆ ಸರಿಯಾಗೇ ಇದ್ರಲ್ವಾ? ಹಾಜರಿ ಹಾಕಿದ್ರಲ್ಲ.”

“ಹಾಕಿದ್ರು,” ಎಂದೆ.

ಇನ್ನಾರು ನಿಮಿಷ ನಾನು ಕೈಕಟ್ಟಿ ಕೂತಿದ್ದರೆ ಮೂರ್ತಿಗಳು ಫೋನ್ ಮಾಡುತ್ತಿದ್ದರು. ವಾಚ್‌ಮನ್ ಒಳಗೆ ಹೋಗುತ್ತಿದ್ದ. ಆಗ ಜೀವವಿತ್ತೋ ಇಲ್ಲವೋ... ಈ ಪ್ರಶ್ನೆಯನ್ನು ನಾನು ಇಷ್ಟು ವರ್ಷ ಹೊತ್ತುಕೊಂಡಿದ್ದೇನೆ.

“ಮೂರ್ತಿಗಳೇ, ಎರಡೂಕಾಲಿಗೆ...” ಎಂದೆ.

“ನೋಡಿದೆ. ನನ್ನ ಕಾಗದದಲ್ಲೂ ಬಂದಿದೆ. ಆ ಭಾಗ ನಾನು ಹರಿದಿಟ್ಕೊಂಡಿದೀನಿ, ಫೈಲ್ ಮಾಡಲ್ಲ. ನೀವೂ ಯಾರಿಗೂ ತೋರಿಸ್ಬೇಡಿ. ನನ್ನನ್ನೂ ಏನೂ ಕೇಳ್ಬೇಡಿ.”

ಫೋನ್ ಇಟ್ಟುಬಿಟ್ಟರು.

ನಮ್ಮ ಗೋಡೌನಿನ ವಾಚ್‌ಮನ್ ಶರಣಪ್ಪ, ಗುಲ್ಬರ್ಗದ ಕಡೆಯವನು, ಆರು ಗಂಟೆಗೆ ಮೇಲೆ ಬಂದ. ನನ್ನ ಮುಖ ನೋಡಿ ಬಾಗಿಲಲ್ಲೇ ನಿಂತ.

“ಏನಾಯ್ತ್ರಿ ಸರ? ತಬಿಯತ್ ಠೀಕ್ ಇಲ್ಲೇನು?”

“ರಾತ್ರಿ ಎರಡು ಗಂಟೆ ಮೇಲೆ ಈ ಕಡೆ ಬಂದಿದ್ಯಾ ಶರಣಪ್ಪ?”

“ಬಂದಿದ್ದೆ ತಗೋರಿ. ಛತ್ರಿ ಇಲ್ಲೇ ಬಿಟ್ಟಿದ್ದೆ. ನೀವು ಟಕಟಕ ಹೊಡಿಲಾಕತ್ತಿದ್ರಿ. ಯಾರ ಕೂಡ ಅಷ್ಟೊತ್ತು ಮಾತು?”

“ನಾನು ಹೊಡೀತಿದ್ದೆನಾ, ಯಂತ್ರ ತಾನೇ ಹೊಡ್ಕೊಳ್ತಿತ್ತಾ?”

ಅವನು ನನ್ನನ್ನು ಒಂದು ಕ್ಷಣ ನೋಡಿದ. “ನನಗ ಹ್ಯಾಂಗ ತಿಳೀಬೇಕ್ರಿ. ನಿಮ್ಮ ಬೆನ್ನು ಅಷ್ಟೇ ಕಾಣ್ತಿತ್ತು.”

ಎರಡೂ ಕಡೆಯ ಮಾತನ್ನು ನಾನೇ ಹೊಡೆದಿರಬಹುದು. ಇದನ್ನು ನಾನು ಮೊದಲ ದಿನವೇ ಯೋಚಿಸಿದ್ದೆ, ದಿನಚರಿಯಲ್ಲಿದೆ. ಎರಡು ದಿನದ ನಿದ್ದೆಗೇಡು. ಈರಣ್ಣನ ಮಾತಿನ ಧಾಟಿ ನನಗೆ ಬರುತ್ತಿತ್ತು, ಹನ್ನೊಂದಕ್ಕೆ ಒಮ್ಮೆ ಅಭ್ಯಾಸವೂ ಆಗಿತ್ತು. ಮನಸ್ಸು ಒಳಗೊಳಗೇ ತಪ್ಪೆನ್ನುತ್ತಿದ್ದುದನ್ನು ಕೈ ಬರೆಯಿತು. ಇದು ಒಪ್ಪಬಹುದಾದ ವಿವರಣೆ. ನಾನು ಒಪ್ಪಿಕೊಂಡೆ ಕೂಡ.

ಹತ್ತು ದಿನದ ನಂತರ ರೇನ್‌ಕೋಟನ್ನು ನಮ್ಮ ಡ್ರೈವರ್ ಮೌಲಾಸಾಬನ ಕೈಯಲ್ಲಿ ಹುಬ್ಬಳ್ಳಿಗೆ ಕಳಿಸಿದೆ. ಮರಳಿ ಬಂದವನು ಗೋಡೌನಿನ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದ.

“ಹುಡುಗಿ ಮನಿಯೊಳಗೇ ಹಾಕ್ಕೊಂಡು ಅಡ್ಡಾಡಿತ್ರಿ. ತೆಗಿ ಅಂದ್ರ ತೆಗೀವಲ್ದು. ಅವರವ್ವಗ ಅಲ್ಲೇ ಗೋಡೌನ್ ಆಫೀಸನ್ಯಾಗ ಕೆಲಸ ಕೊಟ್ಟಾರ. ಹನ್ನೊಂದಕ್ಕ ಹಾಜರಿ ಹಾಕಿದ್ದ, ಡ್ಯೂಟಿ ಮ್ಯಾಲೇ ಸತ್ತಾನ ಅಂತ ಕಾಗದ ಆತಲ್ರಿ, ಅದಕ್ಕ. ಬಾಳ ಅಳತಿತ್ರಿ ಪಾಪ ಹೆಣಮಗಳು. ಕಟ್ಟಿಕೊಟ್ಟ ಫ್ಲಾಸ್ಕ್ ಹಂಗೇ ತುಂಬಿ ವಾಪಸ್ ಬಂತಂತ. ಒಂದ ಗುಟುಕ ಸುದ್ದಾ ಕುಡದಿದ್ದಿಲ್ಲಂತ.”

ನಾನು ಕಟ್ಟೆಯಿಂದ ಎದ್ದು ನಿಂತೆ. ಯಾಕೆ ಎದ್ದೆನೋ ಗೊತ್ತಿಲ್ಲ. ಮತ್ತೆ ಕೂತೆ.

ಈರಣ್ಣ ಚಹಾವನ್ನು ಎಷ್ಟು ಗಂಟೆಗೆ ಕುಡಿಯುತ್ತಾನೆಂದು ಯಾವತ್ತೋ ನನಗೆ ಬರೆದಿದ್ದನೇ? ಫ್ಲಾಸ್ಕ್ ತುಂಬಿರುವುದನ್ನು ಅದರಿಂದಲೇ ನನ್ನ ಕೈ ಊಹಿಸಿತೇ? ಹಳೆಯ ಕಾಗದಗಳನ್ನು ಹುಡುಕಿದೆ. ಸಿಗಲಿಲ್ಲ. ಸಿಗದ ಮಾತ್ರಕ್ಕೆ ಬರೆದಿರಲಿಲ್ಲ ಎಂದಲ್ಲ.

ಸತ್ಯ ಹೇಳುವ ದಾರಿಯೂ ಆವತ್ತಿಗೆ ಮುಚ್ಚಿತು. ನಾನು ಬಾಯಿಬಿಟ್ಟರೆ ಆ ಹೆಂಗಸಿನ ಕೆಲಸ ಹೋಗುತ್ತದೆ. ಹಾಗೆಂದು ನಾನು ಹೇಳಿಕೊಂಡೆ. ಅದು ನನಗೆ ಅನುಕೂಲದ ಕಾರಣವೂ ಆಗಿತ್ತು.

ಆಮೇಲೆ ನಾನು ಯಾರ ಹಾಜರಿಯನ್ನೂ ಹಾಕಲಿಲ್ಲ. ನನ್ನದು ಹಾಕಬೇಡಿ ಎಂದು ಸಂಜೀವನಿಗೂ ಹೇಳಿದೆ. ಹರಟೆಯೂ ಕಡಿಮೆಯಾಯಿತು. ಮಳೆ, ಲಾರಿ ನಂಬರು, ಸರಿ. ಹುಬ್ಬಳ್ಳಿಯ ಜಾಗ ಬಹಳ ದಿನ ಖಾಲಿ ಇತ್ತು.

ಜುಲೈ ಕೊನೆಯ ಒಂದು ರಾತ್ರಿ, ಮುಲುಂಡ್‌ನಿಂದ ಬರುವಾಗ, ನನ್ನ ಲೋಕಲ್ ಕುರ್ಲಾ ದಾಟಿ ನಿಂತುಬಿಟ್ಟಿತು. ಹಳಿಗಳ ಮೇಲೆ ನೀರು. ದೀಪ ಆರಿತು. ಒದ್ದೆ ಬಟ್ಟೆಯ ವಾಸನೆ, ಯಾರದೋ ಕೆಮ್ಮು, ಕತ್ತಲಲ್ಲಿ ಒಬ್ಬ ಮುದುಕ ಮರಾಠಿಯಲ್ಲಿ ಮೆಲ್ಲಗೆ ಜಪ ಮಾಡುತ್ತಿದ್ದ. ಹನ್ನೊಂದು ಕಳೆಯಿತು. ಕೆಂಪು ಗೆರೆ ಬೀಳಲಿ ಎಂದುಕೊಂಡೆ. ಅಷ್ಟು ದಣಿದಿದ್ದೆ. ಕೊನೆಗೆ ಕೆಲವರು ಇಳಿದು ನಡೆಯತೊಡಗಿದರು. ನಾನೂ ಇಳಿದೆ. ಸೊಂಟದವರೆಗೆ ನೀರು, ಕಾಲಡಿ ಜಲ್ಲಿ ಜಾರುತ್ತಿತ್ತು. ಒಮ್ಮೆ ಕಾಲು ಒಂದು ಗುಂಡಿಗೆ ಇಳಿಯಿತು, ನೀರು ಕುತ್ತಿಗೆಗೆ ಬಂತು... ಯಾರೋ ತೋಳು ಹಿಡಿದೆಳೆದರು. ಮುಖ ಕಾಣಲಿಲ್ಲ.

ಸಾಯನ್‌ನಿಂದ ಒಂದು ಟೆಂಪೋ ಸಿಕ್ಕಿತು. ಕಚೇರಿ ಮುಟ್ಟಿದಾಗ ಒಂದೂಕಾಲು. ಬಾಗಿಲಲ್ಲಿ ಶರಣಪ್ಪ ನನ್ನನ್ನು ನೋಡಿ ಹಿಂದೆ ಸರಿದ.

“ನೀವು ಮ್ಯಾಲಿಲ್ಲೇನ್ರಿ ಸರ?”

“ಈಗ ಬರ್ತಿದೀನಿ. ನೋಡ್ತಾ ಇಲ್ವಾ?”

“ಹನ್ನೊಂದಕ್ಕ ಟಕಟಕ ಕೇಳ್ತಲ್ರಿ. ನಾ ಮೂಟಿ ಮುಚ್ಚಲಾಕ ಹೋಗಿದ್ದೆ, ಆಗ ಬಂದಿರಬೇಕು ಅನಕೊಂಡೆ...” ಅವನು ಅಲ್ಲಿಗೇ ನಿಲ್ಲಿಸಿದ. ಕೈ ಕಿಸೆಗೆ ಹೋಯಿತು. ಸಂಜೆ ಪಾಳಿಯವನು ಮಳೆಗೆ ಹೆದರಿ ಬೇಗ ಹೊರಟು, ಕೀಲಿಯನ್ನು ಅವನ ಕೈಗೆ ಕೊಟ್ಟು ಹೋಗಿದ್ದ. ಕೀಲಿ ಕಿಸೆಯಲ್ಲೇ ಇತ್ತು.

ಬೇರೆ ಊರಿನವರು ಹೊಡೆದರೂ ನಮ್ಮ ಯಂತ್ರ ಸದ್ದು ಮಾಡುತ್ತದೆ. ಹಾಗೆಂದು ಅವನಿಗೂ ಹೇಳಿದೆ, ನನಗೂ ಹೇಳಿಕೊಂಡೆ. ಮೇಲೆ ಹೋಗಿ ಬೀಗ ತೆಗೆದು ಕಾಗದ ನೋಡಿದೆ. ಅಂಗೈ ಅಗಲದ ತುಂಡು ಅದೇ.

‘ಬೆಂಗಳೂರು: ಮುಂಬಯಿ?’

‘ಮುಂಬಯಿ: ಹಾಜರ್. ಮಳಿ ಜೋರ ಐತಿ. ಚಹಾ ಆತು.’

‘ಬೆಂಗಳೂರು: ಸರಿ.’

ಮೂರ್ತಿಗಳು ಆ ‘ಸರಿ’ ಹೊಡೆಯುವ ಮೊದಲು ಎಷ್ಟು ಹೊತ್ತು ಕೂತಿದ್ದರೋ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಸಂಜೀವನನ್ನು ಕೇಳಿದೆ. ‘ನಾನಲ್ಲ ಮಾರಾಯ್ರೆ. ತಾಯಿ ಆಣೆ. ನೀವೇ ಬೇಡ ಹೇಳಿದ್ದಲ್ಲವಾ’ ಎಂದು ಉತ್ತರ ಬಂತು. ಹುಬ್ಬಳ್ಳಿಗೆ ಹೊಸ ಹುಡುಗ ಬಂದು ಮೂರು ದಿನವಾಗಿತ್ತು. ಅವನಿಗೆ ನಮ್ಮ ರೂಢಿಯೇ ಗೊತ್ತಿರಲಿಲ್ಲ. ಮೂರ್ತಿಗಳು, ಸಂಜೀವ, ಈ ಹುಡುಗ, ಮೂವರಲ್ಲಿ ಒಬ್ಬರು ಅದನ್ನು ಹೊಡೆದು ಮುಚ್ಚಿಟ್ಟಿರಬಹುದು. ಸುಳ್ಳು ಹೇಳುವುದು ಎಷ್ಟು ಸುಲಭವೆಂದು ನನಗೆ ಗೊತ್ತಿದೆ.

ಗೆಳೆಯ ಮಾತು ಉಳಿಸಿಕೊಂಡ ಎಂದು ಕೆಲವು ದಿನ ಅಂದುಕೊಂಡಿದ್ದೆ. ಆಮೇಲೆ ಒಂದು ಮಧ್ಯಾಹ್ನ, ಮುಲುಂಡ್‌ನ ಕೋಣೆಯಲ್ಲಿ ನಿದ್ದೆ ಬಾರದೆ ಹೊರಳಾಡುವಾಗ, ಇನ್ನೊಂದು ವಿಷಯ ಹೊಳೆಯಿತು. ಆ ರಾತ್ರಿ ಗುಂಡಿಯಲ್ಲಿ ನನ್ನ ತೋಳಿಗೆ ಕೈ ಸಿಗದೆ ಹೋಗಿದ್ದರೆ ನನ್ನನ್ನು ಯಾರೂ ಹುಡುಕುತ್ತಿರಲಿಲ್ಲ. ಫೋನ್ ಬರುತ್ತಿರಲಿಲ್ಲ. ನಾನು ಕಚೇರಿಯಲ್ಲಿ ಕ್ಷೇಮವಾಗಿ ಕೂತಿದ್ದೆ, ಚಹಾ ಕೂಡ ಆಗಿತ್ತು.

ದೀಪಾವಳಿಗೆ ಮೊದಲು ಕೆಲಸ ಬಿಟ್ಟೆ.

ಇದನ್ನು ಬರೆಯುವ ಮುನ್ನ ಆ ವರ್ಷದ ದಿನಚರಿ ತೆಗೆದು ನೋಡಿದೆ. ಕುರ್ಲಾ, ನೀರು, ಜಪ ಮಾಡುವ ಮುದುಕ, ತೋಳು ಹಿಡಿದ ಕೈ, ಇವೆಲ್ಲ ಅದರಲ್ಲಿರುತ್ತವೆ ಎಂದು ನಂಬಿದ್ದೆ. ಒಂದು ದಿನವೂ ಬಿಡದೆ ಬರೆದವನು ನಾನು. ಆ ದಿನದ ಪುಟ ಖಾಲಿಯಿದೆ. ಆ ರಾತ್ರಿ ಹನ್ನೊಂದು ಗಂಟೆಗೆ ನಾನು ಎಲ್ಲಿದ್ದೆ ಎನ್ನುವುದಕ್ಕೆ ಇಂದು ಉಳಿದಿರುವ ದಾಖಲೆ ಒಂದೇ, ಅಂಗೈ ಅಗಲದ ಆ ಕಾಗದ. ಅದರ ಪ್ರಕಾರ ನಾನು ನೀರಿನಲ್ಲಿರಲಿಲ್ಲ. ಕುರ್ಚಿಯಲ್ಲಿದ್ದೆ.